‘ಒಬ್ಬ’ ಬೇರೆ, ‘ಒಬ್ಬನೇ’ ಬೇರೆ

ಬೈಬಲ್ ತನಗೆ ತಾನೇ ವಿರುದ್ಧ ಮಾತಾಡುತ್ತೆ ಅಂತ ಸಾಬೀತು ಮಾಡುವ ಪಟ್ಟಿಯೊಂದು ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದಲ್ಲ, ನಿಮಗೂ ಬಂದಿರುತ್ತೆ. ಎಡಗಡೆ ಒಂದು ವಚನ, ಬಲಗಡೆ ಅದಕ್ಕೆ ತದ್ವಿರುದ್ಧ ಎನ್ನಲಾದ ಇನ್ನೊಂದು. ಯೇಸುವಿನ ಸಮಾಧಿಯ ಹತ್ತಿರ ಇದ್ದ ದೇವದೂತರು ಒಬ್ಬರಾ, ಇಬ್ಬರಾ? ಅಲ್ಲಿಗೆ ಹೋದ ಹೆಂಗಸರು ಎಷ್ಟು ಜನ? ಯೂದ ನೇಣು ಹಾಕಿಕೊಂಡು ಸತ್ತನಾ, ಬಿದ್ದು ಹೊಟ್ಟೆಯೊಡೆದು ಸತ್ತನಾ? ಕೊನೆಗೊಂದು ನಗುವ ಎಮೋಜಿ. ಎರಡು ಸಾವಿರ ವರ್ಷದ ಗ್ರಂಥ ಎರಡು ನಿಮಿಷದಲ್ಲಿ ಖಲಾಸ್!

ಪಟ್ಟಿ ಮಾಡಿದವರಿಗೆ ಒಂದು ಬೇಸರದ ಸುದ್ದಿ: ನೀವು ತುಂಬಾ ಲೇಟು. ದೂತರು ಒಬ್ಬರೋ ಇಬ್ಬರೋ ಎಂಬ ತಕರಾರನ್ನು ಕ್ರೈಸ್ತರ ಕಡುವಿರೋಧಿ ಸೆಲ್ಸಸ್ ಎತ್ತಿದ್ದು ಎರಡನೇ ಶತಮಾನದಲ್ಲಿ. ಓರಿಜನ್ ಎಂಬ ಕ್ರೈಸ್ತ ಪಂಡಿತ ಸುಮಾರು 248ರಲ್ಲಿ ಅದಕ್ಕೆ ಉತ್ತರ ಬರೆದ. ಸೆಲ್ಸಸ್‌ನ ಪುಸ್ತಕ ಕಳೆದುಹೋಗಿದೆ. ಅವನ ಮಾತು ಇವತ್ತು ನಮಗೆ ಸಿಗುವುದೇ ಓರಿಜನ್‌ನ ಉತ್ತರದೊಳಗೆ. ಅಂದರೆ ಆರೋಪವನ್ನು ಜೋಪಾನ ಮಾಡಿ ಇಟ್ಟಿದ್ದೂ ಆರೋಪಿಯೇ! ಆಮೇಲೆ 1790ರ ದಶಕದಲ್ಲಿ ಥಾಮಸ್ ಪೇನ್ ಇದೇ ಸಮಾಧಿಯ ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ಕುಟುಕಿದ. ಹಾಗಾಗಿ “ಯಾರೂ ಗಮನಿಸಿರಲಿಲ್ಲ, ನಾವು ಹಿಡಿದ್ವಿ” ಅನ್ನುವ ಗತ್ತನ್ನು ಮೊದಲು ಕೆಳಗಿಡೋಣ.

ವಿರೋಧ ಅಂದರೇನು? ಒಂದೇ ಸಂಗತಿಯ ಬಗ್ಗೆ, ಒಂದೇ ಅರ್ಥದಲ್ಲಿ, ಒಂದು ಕಡೆ ಹೌದು ಅಂದು ಇನ್ನೊಂದು ಕಡೆ ಇಲ್ಲ ಅನ್ನಬೇಕು. ಮತ್ತಾಯ ಒಬ್ಬ ದೂತ ಅನ್ನುತ್ತಾನೆ, ಮಾರ್ಕ ಒಬ್ಬ ಯುವಕ ಅನ್ನುತ್ತಾನೆ. ಲೂಕ, ಯೋಹಾನ ಇಬ್ಬರು ಅನ್ನುತ್ತಾರೆ. ‘ಒಬ್ಬನೇ’ ಇದ್ದ ಅಂತ ನಾಲ್ವರಲ್ಲಿ ಯಾರೂ ಅನ್ನುವುದಿಲ್ಲ. ಕನ್ನಡ ಬಲ್ಲವರಿಗೆ ಆ ಒಂದು ಏಕಾರದ ತೂಕ ಹೇಳಿಕೊಡಬೇಕಾ? “ಮದುವೆಗೆ ನಮ್ಮ ಮ್ಯಾನೇಜರ್ ಬಂದಿದ್ರು” ಅಂದರೆ ಅವರ ಹೆಂಡತಿ ಬರಲಿಲ್ಲ ಅಂತ ಅರ್ಥವಾ?

ಇದು ಜಾರಿಕೊಳ್ಳುವ ಉಪಾಯ ಅನ್ನಿಸಿದರೆ ಪಠ್ಯವನ್ನೇ ತೆಗೆಯಿರಿ. ಲೂಕನ 24ನೇ ಅಧ್ಯಾಯದ 12ನೇ ವಚನದಲ್ಲಿ ಸಮಾಧಿಗೆ ಓಡಿದವನೆಂದು ಪೇತ್ರನ ಹೆಸರೊಂದೇ ಇದೆ. ಅದೇ ಅಧ್ಯಾಯದ 24ನೇ ವಚನದಲ್ಲಿ, ಎಮ್ಮಾವು ಊರಿನ ದಾರಿಯಲ್ಲಿ ಹೋಗುತ್ತಿದ್ದ ಶಿಷ್ಯರು ಅದನ್ನೇ ನೆನೆಯುವಾಗ, ನಮ್ಮವರಲ್ಲಿ ಕೆಲವರು ಹೋಗಿ ನೋಡಿದರು ಅನ್ನುತ್ತಾರೆ. ಬಹುವಚನ! ಹನ್ನೆರಡು ವಚನದೊಳಗೆ ಲೂಕ ತಾನೇ ಬರೆದದ್ದನ್ನು ಮರೆತನಾ? ಒಬ್ಬನನ್ನು ಹೆಸರಿಸಿದರೆ ಉಳಿದವರನ್ನು ಅಲ್ಲಗಳೆದಂತೆ ಎಂಬ ನಿಯಮ ಅವನ ತಲೆಯಲ್ಲಿ ಇರಲೇ ಇಲ್ಲ, ಅಷ್ಟೇ.

ಯೋಹಾನನ ಕಥೆ ಇನ್ನೂ ಸೊಗಸು. ನಸುಕಿನಲ್ಲಿ ಸಮಾಧಿಗೆ ಹೋದವರಲ್ಲಿ ಅವನು ಹೆಸರಿಸುವುದು ಮಗ್ದಲದ ಮರಿಯಳನ್ನು ಮಾತ್ರ. ಆದರೆ ಅವಳು ಓಡಿಬಂದು, ದೇಹವನ್ನು ಎಲ್ಲಿಟ್ಟರೋ ತಿಳಿಯದು ಅಂತ ಹೇಳುವಾಗ ಬಾಯಲ್ಲಿ ಬರುವುದು ‘ನನಗೆ’ ಅಲ್ಲ, ‘ನಮಗೆ’. ಆ ನಾವು ಯಾರು? ಯೋಹಾನ ಹೇಳುವುದಿಲ್ಲ. ಉಳಿದ ಮೂರು ಸುವಾರ್ತೆಗಳು ಹೇಳುತ್ತವೆ. ಪಟ್ಟಿಯವರು ಇಂಥ ಜಾಗಕ್ಕೆ ಬರುವುದೇ ಇಲ್ಲ.

ರಾತ್ರಿ ಆಫೀಸಿನ ಸರ್ವರ್ ಬಿದ್ದುಹೋಯಿತು ಅಂದುಕೊಳ್ಳಿ. ಬೆಳಗ್ಗೆ ನಾಲ್ಕು ಜನ ಎಂಜಿನಿಯರುಗಳು ವರದಿ ಕೊಡುತ್ತಾರೆ. ನಾಲ್ಕೂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಅನ್ನುತ್ತೀರಿ. ಸಣ್ಣಪುಟ್ಟ ವ್ಯತ್ಯಾಸ ಇದ್ದರೆ ನಂಬುತ್ತೀರಿ. ಮೊದಲ ಮೂರು ಸುವಾರ್ತೆಗಳು ಎಷ್ಟೋ ಕಡೆ ಪದಕ್ಕೆ ಪದ ಹೊಂದುತ್ತವೆ ಅನ್ನುವುದು ನಿಜ. ಮತ್ತಾಯ, ಲೂಕ ಇಬ್ಬರೂ ಮಾರ್ಕನನ್ನು ಮುಂದಿಟ್ಟುಕೊಂಡೇ ಬರೆದರು ಅಂತ ಬಹುತೇಕ ವಿದ್ವಾಂಸರು ಹೇಳುತ್ತಾರೆ. ಹಾಗಿದ್ದೂ ಸಮಾಧಿಯ ಪ್ರಸಂಗದಲ್ಲಿ ಅವರು ಮಾರ್ಕನ ವಿವರವನ್ನು ಸುಮ್ಮನೆ ನಕಲು ಮಾಡಲಿಲ್ಲ. ಕಟ್ಟುಕಥೆ ಹೊಸೆಯುವವರು ಮೊದಲು ಮಾಡುವ ಕೆಲಸವೇ ವಿವರಗಳನ್ನು ತಾಳೆ ಹಾಕುವುದು, ಅಲ್ವಾ?

ತಾಳೆ ಹಾಕುವ ಅವಕಾಶ ಇರಲಿಲ್ಲವಾ? ಖಂಡಿತ ಇತ್ತು. ಸುಮಾರು 170ರಲ್ಲಿ ಟೇಷಿಯನ್ ಎಂಬಾತ ನಾಲ್ಕೂ ಸುವಾರ್ತೆಗಳನ್ನು ಹೆಣೆದು ಒಂದೇ ಕಥೆ ಮಾಡಿದ. ಹೆಸರು ದಿಯಾಟೆಸ್ಸರಾನ್. ಮತ್ತಾಯ ಮತ್ತು ಲೂಕ ಕೊಡುವ ಎರಡು ವಂಶಾವಳಿಗಳು ಹೊಂದುವುದಿಲ್ಲವಲ್ಲ, ಅವನ್ನು ಕಿತ್ತೇ ಹಾಕಿದ. ಎಷ್ಟು ಸಲೀಸು! ಸಿರಿಯಾದ ಸಭೆಗಳು ತಲೆಮಾರುಗಟ್ಟಲೆ ಅದನ್ನೇ ಓದಿದವು. ಐದನೇ ಶತಮಾನದಲ್ಲಿ ಸಿರಸ್‌ನ ಬಿಷಪ್ ಥಿಯೊಡೊರೆಟ್ ತನ್ನ ಪ್ರಾಂತದಲ್ಲಿ 200ಕ್ಕೂ ಹೆಚ್ಚು ಪ್ರತಿ ಕಂಡ. ಅಷ್ಟನ್ನೂ ಒಟ್ಟುಗೂಡಿಸಿ ಪಕ್ಕಕ್ಕಿಟ್ಟು ನಾಲ್ಕು ಸುವಾರ್ತೆಗಳನ್ನು ವಾಪಸ್ ತಂದ. ಇಸ್ತ್ರಿ ಹಾಕಿದ ಒಂದು ಕಥೆ ಕೈಯಲ್ಲಿದ್ದಾಗಲೂ ಅವರು ಸುಕ್ಕಿರುವ ನಾಲ್ಕನ್ನೇ ಆರಿಸಿಕೊಂಡರು. ಮೋಸ ಮಾಡುವವರು ಹೀಗೆ ಮಾಡುತ್ತಾರಾ?

ಪಟ್ಟಿಯಲ್ಲಿ ಇನ್ನೊಂದು ಅಚ್ಚುಮೆಚ್ಚಿನ ಐಟಂ ಇದೆ. ಜ್ಞಾನೋಕ್ತಿಗಳ 26ನೇ ಅಧ್ಯಾಯದಲ್ಲಿ ಮೂರ್ಖನಿಗೆ ಅವನ ಮಟ್ಟಕ್ಕಿಳಿದು ಉತ್ತರ ಕೊಡಬೇಡ ಅಂತ ಒಂದು ವಚನ, ಕೊಡು ಅಂತ ಅದರ ಪಕ್ಕದ ವಚನ. ಪಕ್ಕದ್ದು, ಸ್ವಾಮಿ! ಬರೆದವನಿಗೆ ಕಣ್ಣು ಕಾಣುತ್ತಿರಲಿಲ್ಲವಾ? ನಮ್ಮಲ್ಲೂ ಮಾತು ಬೆಳ್ಳಿ ಮೌನ ಬಂಗಾರ ಅನ್ನುತ್ತಾರೆ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಲೂ ಅನ್ನುತ್ತಾರೆ. ಯಾವುದನ್ನು ಯಾವಾಗ ಎತ್ತಬೇಕು ಅನ್ನುವುದೇ ವಿವೇಕ. ಗಾದೆಯನ್ನು ಸಾಫ್ಟ್‌ವೇರ್ ಮ್ಯಾನ್ಯುಯಲ್ ಥರ ಓದುವವರಿಗೆ ಗಾದೆಯೇ ಬೇಡ.

ಹಾಗಂತ ಬೈಬಲ್ಲಿನಲ್ಲಿ ತಪ್ಪಿದ ಅಂಕಿಯೇ ಇಲ್ಲ ಅಂತ ವಾದಿಸಲಾರೆ. ಅಹಜ್ಯ ಪಟ್ಟಕ್ಕೆ ಬಂದಾಗ 22 ವರ್ಷ ಅನ್ನುತ್ತದೆ ಅರಸುಗಳು ಎರಡನೇ ಪುಸ್ತಕ. ಪೂರ್ವಕಾಲವೃತ್ತಾಂತದ ಹೀಬ್ರೂ ಪಾಠದಲ್ಲಿ 42. ಅವನ ಅಪ್ಪ ಸತ್ತಿದ್ದು 40ಕ್ಕೆ. ಅಪ್ಪನಿಗಿಂತ ಮಗ ಎರಡು ವರ್ಷ ದೊಡ್ಡವನು! ನಕಲುಗಾರನ ಕೈತಪ್ಪು ಅನ್ನುವುದು ಸ್ಪಷ್ಟ. ಎರಡೂ ಪುಸ್ತಕ ಓದುತ್ತಿದ್ದ ಲಿಪಿಕಾರರಿಗೆ ಇದು ಕಾಣಲಿಲ್ಲವಾ? ತಿದ್ದುವುದು ಒಂದು ಗೀರಿನ ಕೆಲಸ. ಆದರೂ ಕೈಗೆ ಬಂದ ಪಾಠವನ್ನೇ ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಇಂಥ ಅಂಕಿತಪ್ಪಿನಿಂದ ಯಾವ ಬೋಧನೆಯೂ ಅಲುಗುವುದಿಲ್ಲ. ನಮಗೆ ತಲುಪಿದ ಪುಸ್ತಕವನ್ನು ಜಾಣತನದಿಂದ ತಿದ್ದಿಲ್ಲ ಎಂಬ ಭರವಸೆ ಮಾತ್ರ ಗಟ್ಟಿಯಾಗುತ್ತದೆ.

ನಮ್ಮ ಕಡೆಯವರಿಗೂ ಒಂದು ಮಾತು. 1976ರಲ್ಲಿ ಅಮೆರಿಕದ ಹೆರಾಲ್ಡ್ ಲಿಂಡ್ಸೆಲ್, ಸುವಾರ್ತೆಗಳ ಕೋಳಿ ಕೂಗಿನ ಲೆಕ್ಕ ಸರಿಪಡಿಸಲು ಹೊರಟು, ಪೇತ್ರ ಯೇಸುವನ್ನು ಅಲ್ಲಗಳೆದದ್ದು ಆರು ಸಲ ಅಂದುಬಿಟ್ಟರು. ಮೂರು ಅನ್ನುವ ನಾಲ್ಕು ಪುಸ್ತಕಗಳನ್ನು ಕಾಪಾಡಲು, ನಾಲ್ಕರಲ್ಲೂ ಇಲ್ಲದ ಆರು! ಇಂಥ ರಕ್ಷಣೆಗಿಂತ ಆಕ್ರಮಣವೇ ವಾಸಿ. ಯೂದ ನೇಣು ಹಾಕಿಕೊಂಡ, ಹಗ್ಗ ಹರಿದು ಬಿದ್ದ ಅನ್ನುವ ವಿವರಣೆ ಸಾಧ್ಯ. ಆದರೆ ಹಗ್ಗ ಹರಿದದ್ದನ್ನು ಎರಡೂ ಪಠ್ಯ ಹೇಳುವುದಿಲ್ಲ, ಹಾಗಾಗಿ ಆಣೆ ಹಾಕಿ ಹೇಳಬೇಡಿ. ಅವನು ಗುರುವನ್ನು ಮಾರಿದ, ಆ ದುಡ್ಡಿಗೆ ಬಂದ ಹೊಲಕ್ಕೆ ರಕ್ತದ ಹೊಲ ಅಂತ ಹೆಸರಾಯಿತು, ಅದರಲ್ಲಿ ಎರಡೂ ಒಂದೇ ಮಾತು.

ಸಮಾಧಿಯ ವಿಷಯದಲ್ಲೂ ಹಾಗೇ. ವಾರದ ಮೊದಲ ದಿನ, ಮೊದಲು ಹೋದವರಲ್ಲಿ ಮಗ್ದಲದ ಮರಿಯಳು, ಒಳಗೆ ದೇಹವಿಲ್ಲ. ಇದರಲ್ಲಿ ನಾಲ್ಕೂ ಸುವಾರ್ತೆಗಳು ಕದಲುವುದಿಲ್ಲ. ಹೆಂಗಸರ ಸಾಕ್ಷಿಗೆ ಬೆಲೆಯೇ ಕಡಿಮೆ ಇದ್ದ ಕಾಲದಲ್ಲಿ ಆ ಸಾಕ್ಷಿಯನ್ನೇ ನಾಲ್ವರೂ ಮುಂದಿಟ್ಟರು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಬಿಡುವುದಾದರೆ ಸರಿಯಾದ ಕಾರಣಕ್ಕೆ ಬಿಡಿ. ದೂತರನ್ನು ಎಣಿಸಿದ್ದು ಸಾಕು, ಸಮಾಧಿ ಯಾಕೆ ಖಾಲಿ ಇತ್ತು ಅನ್ನುವುದಕ್ಕೆ ಉತ್ತರ ಹೇಳಿ.