ಗಾಡಿ ನಿಂತ ಮೇಲೆ ಎಂಜಿನ್ ಓಡಬೇಕೆ?

ನಮ್ಮ ಜಿಲ್ಲೆಯಲ್ಲಿ ಮೋಟಾರು ವಾಹನಗಳ ವಿಷಯ ಬಲ್ಲವರಿಗೆ ಬರಗಾಲವಿಲ್ಲ. ಒಂದು ಕಡೆ ಪನ್ವೇಲಿನಿಂದ ಕನ್ಯಾಕುಮಾರಿಗೆ ಸಾಗುವ 66ನೆಯ ಹೆದ್ದಾರಿ. ಇನ್ನೊಂದು ಕಡೆ ಹುಬ್ಬಳ್ಳಿಯಿಂದ ಅರಬೈಲ್ ಘಟ್ಟವಿಳಿದು ಅಂಕೋಲೆಯಲ್ಲಿ ಬಂದು ಅದನ್ನು ಕೂಡುವ 52ನೆಯ ಹೆದ್ದಾರಿ. ಇವೆರಡರ ನಡುವೆ ಬೆಳೆದ ಹುಡುಗನಿಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ಲಾರಿಗಳ ಜಾತಿ ತಿಳಿದಿರುತ್ತದೆ. ಆದರೆ ಒಂದು ಪ್ರಶ್ನೆಯಲ್ಲಿ ಮಾತ್ರ ಇಬ್ಬರು ಚಾಲಕರಲ್ಲಿ ಒಮ್ಮತವಿಲ್ಲ. ಗಾಡಿ ನಿಲ್ಲಿಸಿದೊಡನೆ ಎಂಜಿನ್ ಬಂದ್ ಮಾಡಬಹುದೋ, ಅಥವಾ ತಣಿಯಲೆಂದು ಕೆಲವು ನಿಮಿಷ ಹಾಗೆಯೇ ಓಡಿಸಬೇಕೋ? ಓಡಿಸದಿದ್ದರೆ ‘ಟರ್ಬೊ ಹೋಗುತ್ತದೆ’ ಎಂದು ಒಂದು ಪಕ್ಷ. ಅದೆಲ್ಲ ಹಳೆಯ ಕಾಲದ ಮಾತು ಎಂದು ಇನ್ನೊಂದು ಪಕ್ಷ. ಸೂಪರ್‌ಚಾರ್ಜರ್ ಇರುವ ಕಾರುಗಳಿಗೂ ಇದೇ ನಿಯಮವೆಂದು ಮೂರನೆಯವರು ನಡುವೆ ಬಾಯಿ ಹಾಕುತ್ತಾರೆ.

ಇತಿಹಾಸ ಓದುವವನಿಗೆ ಯಂತ್ರದ ಗೊಡವೆ ಏಕೆಂದು ಗುರುಗಳು ಹುಬ್ಬೇರಿಸಬಹುದು. ಈ ಪ್ರಶ್ನೆಯ ಮೇಲೆ ಒಬ್ಬ ಮನುಷ್ಯನ ಸಂಬಳ ನಿಂತದ್ದನ್ನು ನಾನು ಕಂಡಿದ್ದೇನೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಮೊದಲು ಹೆಸರುಗಳ ಗೊಂದಲ ಹರಿಯಬೇಕು. ಎಂಜಿನ್ನಿನ ಬಲವೆಂದರೆ ಅದು ಸುಡುವ ಇಂಧನದ ಬಲ. ಇಂಧನ ಚೆನ್ನಾಗಿ ಉರಿಯಲು ಗಾಳಿ ಬೇಕು. ಕಮ್ಮಾರನು ತಿದಿಯೊತ್ತಿ ಇದ್ದಿಲಿಗೆ ಗಾಳಿ ಊಡುವಂತೆ, ಎಂಜಿನ್ನಿಗೂ ಗಾಳಿಯನ್ನು ಒತ್ತಿ ತುಂಬುವ ಉಪಾಯ ಬಹಳ ಹಿಂದಿನದು. ಈ ತಿದಿಯನ್ನು ಎಂಜಿನ್ನಿನ ದಂಡವೇ ಪಟ್ಟಿಯ ಮೂಲಕ ತಿರುಗಿಸಿದರೆ ಅದು ಸೂಪರ್‌ಚಾರ್ಜರ್. 1920ರ ದಶಕದ ಮರ್ಸಿಡಿಸ್ ಕಾರುಗಳಲ್ಲಿಯೇ ಇದು ಇತ್ತು; ಈಚಿನವರೆಗೂ ಆ ಕಂಪನಿಯ ಕೆಲವು ಕಾರುಗಳ ಬೆನ್ನ ಮೇಲೆ ಕಾಣುತ್ತಿದ್ದ ‘ಕೊಂಪ್ರೆಸರ್’ ಎಂಬ ಬರಹದ ಅರ್ಥ ಇದೇ. ತಿದಿಯನ್ನು ತಿರುಗಿಸುವುದು ಎಂಜಿನ್ ಹೊರಗೆ ಬಿಡುವ ಹೊಗೆಯಾದರೆ ಅದು ಟರ್ಬೊ. ವ್ಯರ್ಥವಾಗಿ ಹೋಗುವ ಹೊಗೆಯನ್ನೇ ಕೆಲಸಕ್ಕೆ ಹಚ್ಚುವ ಈ ಯುಕ್ತಿಗೆ ಸ್ವಿಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು 1905ರಲ್ಲಿ ಪೇಟೆಂಟ್ ಪಡೆದನು. ಇಂದು ನಮ್ಮ ಹೆದ್ದಾರಿಯ ಲಾರಿ ಬಸ್ಸುಗಳಲ್ಲಿ ಕೂಗುವುದು ಅವನ ಕೂಸೇ.

ತಣಿಸುವ ಪ್ರಶ್ನೆ ಹುಟ್ಟುವುದು ಈ ಹೊಗೆಯಿಂದ. ಟರ್ಬೊದಲ್ಲಿ ಒಂದೇ ದಂಡದ ಒಂದು ತುದಿಯ ಚಕ್ರ ಬೆಂಕಿಯಂಥ ಹೊಗೆಯಲ್ಲಿ ತಿರುಗುತ್ತದೆ, ಮತ್ತೊಂದು ತುದಿಯದು ಗಾಳಿಯಲ್ಲಿ. ತುಂಬಿದ ಡೀಸೆಲ್ ಲಾರಿ ಘಟ್ಟವೇರುವಾಗ ಆ ಹೊಗೆಯ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಪೆಟ್ರೋಲ್ ಕಾರಿನಲ್ಲಿ 900ನ್ನೂ ಮುಟ್ಟುತ್ತದೆ. ಸಣ್ಣ ಟರ್ಬೊ ನಿಮಿಷಕ್ಕೆ 1 ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ. ನಡುವಿನ ಬೇರಿಂಗನ್ನು ಕಾಯುವುದು ಹರಿಯುವ ಎಣ್ಣೆಯ ತೆಳು ಪದರ ಮಾತ್ರ. ಎಂಜಿನ್ ನಿಂತೊಡನೆ ಎಣ್ಣೆಯ ಪಂಪೂ ನಿಲ್ಲುತ್ತದೆ. ಕಾದ ಚಕ್ರದ ಶಾಖ ಮೆಲ್ಲನೆ ದಂಡದೊಳಗೆ ಹರಿದು, ಅಲ್ಲಿ ನಿಂತ ಎಣ್ಣೆಯನ್ನು ಸುಡುತ್ತದೆ. ಒಲೆಯ ಮೇಲೆ ಮರೆತ ಬಾಣಲೆಯಲ್ಲಿ ಕರಕು ಹಿಡಿಯುವುದಿಲ್ಲವೆ, ಹಾಗೆ. ದಿನವೂ ಹೀಗಾದರೆ ಎಣ್ಣೆಯ ದಾರಿ ಕಟ್ಟಿ ಬೇರಿಂಗು ಸವೆಯುತ್ತದೆ.

ಸೂಪರ್‌ಚಾರ್ಜರಿನಲ್ಲಿ ಹೊಗೆಯ ಪ್ರವೇಶವೇ ಇಲ್ಲ. ಒತ್ತಿದ ಗಾಳಿ ಬಿಸಿಯಾಗುತ್ತದೆ ನಿಜ, ಆದರೆ ಅದು ಕುಲುಮೆಯ ಬಿಸಿಯಲ್ಲ. ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಒಳಗೆ ಹರಿದು ಬರುವ ಶಾಖದ ಭಂಡಾರವಿಲ್ಲ. ಆದ್ದರಿಂದ ಸೂಪರ್‌ಚಾರ್ಜರ್ ಮಾತ್ರವಿರುವ ಕಾರನ್ನು ಅದರ ಸಲುವಾಗಿ ತಣಿಸುತ್ತ ನಿಲ್ಲುವ ಅಗತ್ಯವಿಲ್ಲವೆಂದು ನನ್ನ ಖಚಿತ ಅಭಿಪ್ರಾಯ. ಟರ್ಬೊದ ನಿಯಮವನ್ನು ಇದಕ್ಕೆ ಹಚ್ಚುವುದು ಅಣ್ಣನ ಜ್ವರಕ್ಕೆ ತಮ್ಮನಿಗೆ ಕಷಾಯ ಕುಡಿಸಿದಂತೆ.

ಇನ್ನು ಟರ್ಬೊ. ಲಾರಿ ತಯಾರಕರ ಕೈಪಿಡಿಗಳು ಕೆಲವು ನಿಮಿಷ ಓಡಿಸಿ ಬಂದ್ ಮಾಡಲು ಹೇಳುವುದುಂಟು, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಮಾತಿನ ಕಾರಣ ಶಾಖ. ಶಾಖವಿಲ್ಲದಲ್ಲಿ ನಿಯಮಕ್ಕೆ ಕೆಲಸವೇನು? ಅಂಕೋಲೆಯಿಂದ ಭಾರ ಹೊತ್ತು ಸುಮಾರು 540 ಮೀಟರ್ ಎತ್ತರದ ಯಲ್ಲಾಪುರದ ಕಡೆಗೆ ಅರಬೈಲ್ ಏರಿದ ಲಾರಿ, ಘಟ್ಟದ ತಲೆಯ ಮೇಲೆ ಚಹಕ್ಕೆಂದು ನಿಂತರೆ ಅದರ ಟರ್ಬೊ ಉರಿಯುತ್ತಿರುತ್ತದೆ. ಅಲ್ಲಿ ಎರಡು ಮೂರು ನಿಮಿಷ ಕಾಯುವುದು ಜಾಣತನ. ಅದೇ ಲಾರಿ ಹುಬ್ಬಳ್ಳಿಯಿಂದ ಇಳಿದು ಬಂದಾಗ? ಇಳಿಜಾರಿನಲ್ಲಿ ಎಂಜಿನ್ನಿಗೆ ದುಡಿಮೆಯೇ ಇಲ್ಲ, ಕಾಯುವುದು ಬ್ರೇಕು. ಘಟ್ಟದ ಬುಡದಿಂದ ಅಂಕೋಲೆಯವರೆಗೆ ಹೆಚ್ಚು ಕಡಿಮೆ ಸಪಾಟು ದಾರಿ, ಕೊನೆಗೆ ಪೇಟೆಯಲ್ಲಿ ಆಮೆಯ ನಡಿಗೆ. ಬಂದು ನಿಲ್ಲುವ ಹೊತ್ತಿಗೆ ಟರ್ಬೊ ತಾನೇ ತಣಿದಿರುತ್ತದೆ. ನಮ್ಮವರು ಮಾಡುವುದು ಮಾತ್ರ ಸರಿಯಾಗಿ ಇದರ ಉಲ್ಟಾ. ಘಟ್ಟದ ಮೇಲೆ ಚಹದ ಆತುರಕ್ಕೆ ಫಕ್ಕನೆ ಬಂದ್. ಪೇಟೆಯಲ್ಲಿ, ಊಟ ಮುಗಿಯುವತನಕ, ಗಡಗಡ.

ಓಡಿಸಿದರೆ ಏನು ನಷ್ಟವೆಂದು ಕೇಳುವವರಿದ್ದಾರೆ. ದೊಡ್ಡ ಡೀಸೆಲ್ ಎಂಜಿನ್ ಸುಮ್ಮನೆ ನಿಂತು ಓಡಿದರೂ ತಾಸಿಗೆ ಎರಡು ಮೂರು ಲೀಟರ್ ಕುಡಿಯುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಜಾಲರಿಯಿದೆ. ದೀರ್ಘಕಾಲ ನಿಂತು ಓಡಿದರೆ ಅದೂ ಕಟ್ಟುತ್ತದೆ. ಬೆಳಿಗ್ಗೆ ಕಾಲೇಜಿಗೆ ಬರಲು ನಿಲ್ದಾಣದಲ್ಲಿ ಸಾಲುಗಟ್ಟಿ ನಿಂತ ನಮ್ಮ ಮೂಗಿಗೆ ಬೀಳುವ ಹೊಗೆಯ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಈಗ ಆ ಸಂಬಳದ ಸಂಗತಿ. ನಮ್ಮ ಕೇರಿಯಲ್ಲಿ ನಾನು ಅಣ್ಣ ಎಂದೇ ಕರೆಯುವ ಚಾಲಕರೊಬ್ಬರಿದ್ದಾರೆ. ಹುಬ್ಬಳ್ಳಿಯಿಂದ ಸಾಮಾನು ತಂದು ಅಂಕೋಲೆಯಲ್ಲಿ ಇಳಿಸುವುದು ಅವರ ಕೆಲಸ. ಮರಳುವಾಗ ಬಹುಮಟ್ಟಿಗೆ ಖಾಲಿ ಗಾಡಿ. ಟರ್ಬೊ ಕೆಟ್ಟಿತು. “ನೀನು ಗಾಡಿ ನಿಂತ ಕೂಡಲೇ ಬಂದ್ ಮಾಡ್ತೀ” ಎಂದು ಮಾಲಕರು ರಿಪೇರಿಯ ಹಣವನ್ನು ಕಂತು ಕಂತಾಗಿ ಸಂಬಳದಲ್ಲಿ ಮುರಿದುಕೊಂಡರು. ಗ್ಯಾರೇಜಿನಲ್ಲಿ ಬಿಚ್ಚಿದಾಗ ಗಾಳಿಯ ಜಾಲರಿಯಲ್ಲಿ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಎಣ್ಣೆ ಡಾಂಬರಿನಂತಾಗಿತ್ತು, ಬದಲಿಸುವ ಅವಧಿ ಮುಗಿದು ಎಷ್ಟೋ ದಿನವಾಗಿತ್ತು. “ಎಣ್ಣೆಗೆ ದುಡ್ಡು ಕೇಳಿದ್ರೆ ಮುಂದಿನ ತಿಂಗಳು ನೋಡೋಣ ಅಂದ್ರು” ಎಂದಷ್ಟೇ ಅಣ್ಣ ನನ್ನೆದುರು ಹೇಳಿದರು. ಮಾಲಕರೆದುರು ಅದನ್ನೂ ಹೇಳಲಿಲ್ಲ.

ಟರ್ಬೊ ಸಾಯುವುದು ಹಲವು ಬಗೆಯಲ್ಲಿ. ಕೊಳೆತ ಎಣ್ಣೆ, ಕಡಿಮೆಯಾದ ಎಣ್ಣೆ, ಒಳಸೇರಿದ ಧೂಳು ಇವೇ ಮುಖ್ಯ ವೈರಿಗಳು. ಬಿಸಿಯಲ್ಲಿ ಬಂದ್ ಮಾಡುವುದೂ ಒಂದು, ಆದರೆ ಒಂದು ಮಾತ್ರ. ಹಾಗಿದ್ದೂ ಗಾದೆಯಂತೆ ಎಲ್ಲರ ಬಾಯಲ್ಲಿ ಉಳಿದಿರುವುದು ಇದೊಂದೇ. ಮಿಕ್ಕವು ಮಾಲಕರ ಕಿಸೆಗೆ ಸೇರಿದ ತಪ್ಪುಗಳು, ಇದು ಚಾಲಕನ ಕೈಗೆ ಸೇರಿದ್ದು. ಬಾಯಿಪಾಠಕ್ಕೆ ಇದೇ ಏಕೆ ಆಯ್ಕೆಯಾಯಿತೆಂಬುದನ್ನು ಅರ್ಥಶಾಸ್ತ್ರದ ಮಿತ್ರರು ಬಿಡಿಸಿ ಹೇಳಲಿ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿಯೊಂದು ಲಾರಿಯಲ್ಲಿಯೂ ಒಂದು ಪುಸ್ತಕವಿರಲಿ. ಎಣ್ಣೆ ಬದಲಿಸಿದ ತಾರೀಖು, ಗಾಳಿಯ ಜಾಲರಿ ತೊಳೆದ ಅಥವಾ ಬದಲಿಸಿದ ತಾರೀಖು ಅದರಲ್ಲಿ ಮಾಲಕರ ಸಹಿಯೊಡನೆ ಇರಲಿ. ಟರ್ಬೊ ಕೆಟ್ಟ ದಿನ ಚಾಲಕನನ್ನು ಕರೆಯುವ ಮೊದಲು ಆ ಪುಸ್ತಕ ತೆರೆಯಲಿ. ತಾರೀಖುಗಳೆಲ್ಲ ಸರಿಯಾಗಿದ್ದರೆ, ಘಟ್ಟದ ಮೇಲೆ ಗಾಡಿಯನ್ನು ಹೇಗೆ ಬಂದ್ ಮಾಡಿದೆ ಎಂದು ಆಮೇಲೆ ಧಾರಾಳವಾಗಿ ಕೇಳಲಿ.