ನಿರ್ವಾತ ಗಾಜಿನ ಆಯಸ್ಸು ಅಂಚಿನಲ್ಲಿದೆ

ಎರಡು ಗಾಜುಗಳ ನಡುವಿನ ಗಾಳಿಯನ್ನು ಹೊರಗೆಳೆದು ಶಾಖವನ್ನು ತಡೆಯುವ ಕಿಟಕಿಗೆ ಜರ್ಮನಿಯಲ್ಲಿ 1913ರಲ್ಲೇ ಪೇಟೆಂಟ್ ಅರ್ಜಿ ಸಲ್ಲಿಕೆಯಾಗಿತ್ತು. ಅದು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಕಾಲಿನ್ಸ್ ತಂಡದ ಕೈಯಲ್ಲಿ ಸಾಕಾರಗೊಂಡದ್ದು 1989ರಲ್ಲಿ. ದಶಕಗಳ ಕಾಲ ಎದುರಾದ ದೊಡ್ಡ ತೊಡಕು, ಗಾಳಿ ಒಳಗೆ ನುಸುಳದಂತೆ ಅಂಚನ್ನು ಮುಚ್ಚುವುದು. ಇಂದಿಗೂ ಈ ತಂತ್ರಜ್ಞಾನದ ಅಳಿವು ಉಳಿವು ಆ ಅಂಚಿನಲ್ಲೇ ಇದೆ.

ಗಾಜುಗಳ ನಡುವಿನ ಅಂತರ ಸುಮಾರು 0.2 ಮಿಲಿಮೀಟರ್. ಒಂದು ಚದರ ಮೀಟರ್ ಕಿಟಕಿಯಲ್ಲಿ ಒಳಗಿನ ಜಾಗ ಬರೀ 200 ಮಿಲಿಲೀಟರ್. ಅಷ್ಟು ಕಿರಿದಾದ ಜಾಗದ ನಿರ್ವಾತ ಕೆಡಲು ಕೂದಲೆಳೆಯಷ್ಟು ಬಿರುಕೇ ಸಾಕು. ಗಾಳಿ ಹೊಕ್ಕರೆ ಇಷ್ಟು ತೆಳುವಾದ ಪದರ ಶಾಖವನ್ನು ತಡೆಯಲಾರದು. ದುಬಾರಿ ಗಾಜು ಸಾಮಾನ್ಯ ಗಾಜಿನ ಮಟ್ಟಕ್ಕೇ ಇಳಿಯುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ, ರಿಪೇರಿ ಮಾಡಲೂ ಆಗುವುದಿಲ್ಲ.

ಅಂಚನ್ನು ದಣಿಸುವುದು ತಾಪಮಾನದ ವ್ಯತ್ಯಾಸ. ಹೊರಗೆ ಕಡುಚಳಿ, ಒಳಗೆ ಬೆಚ್ಚಗಿದ್ದಾಗ ಒಂದು ಗಾಜು ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. 40 ಡಿಗ್ರಿ ವ್ಯತ್ಯಾಸವಿದ್ದರೆ, ಬಿಡಿಬಿಡಿಯಾಗಿರುವ ಒಂದು ಮೀಟರ್ ಗಾಜುಗಳ ಉದ್ದದಲ್ಲಿ ಸುಮಾರು 0.36 ಮಿಲಿಮೀಟರ್ ಅಂತರ ಬರುತ್ತದೆ. ಅಂಚು ಬೆಸೆದುಕೊಂಡಿರುವುದರಿಂದ ಗಾಜು ಬಾಗುತ್ತದೆ, ಬೆಸುಗೆ ಎಳೆತಕ್ಕೆ ಸಿಕ್ಕುತ್ತದೆ. ದಿನದಿನವೂ ಇದೇ ಎಳೆದಾಟ.

ಹಾಗಾಗಿ ಬೆಸುಗೆಯನ್ನು ಗಡುಸಾಗಿಸಿದರಷ್ಟೇ ಸಾಲದು. ಅದು ಗಾಜಿನಷ್ಟೇ ಹಿಗ್ಗಿ ಕುಗ್ಗುವಂತಿರಬೇಕು. ರೂಢಿಯಲ್ಲಿರುವ ಗಾಜಿನ ಬೆಸುಗೆಗೆ ಸುಮಾರು 450 ಡಿಗ್ರಿ ಶಾಖ ಬೇಕು. ಅಷ್ಟು ಕಾವಿಗೆ ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜು ತನ್ನ ಹದ ಕಳೆದುಕೊಳ್ಳುತ್ತದೆ. ಅಲ್‌ಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇಂಡಿಯಂ ಲೋಹ ಬಳಸಿ 200 ಡಿಗ್ರಿಗಿಂತ ಕಡಿಮೆಯಲ್ಲಿ ಬೆಸೆದು ತೋರಿಸಿದರು. ಆದರೆ ಇಂಡಿಯಂ ದುಬಾರಿ, ತೇವವನ್ನೂ ತಾಳದು. ಹೊರಗೆ ಇನ್ನೊಂದು ರಕ್ಷಾಕವಚ ಬೇಕು. ಸೀಸರಹಿತ, ಕಡಿಮೆ ಶಾಖದಲ್ಲಿ ಕರಗುವ ಬೆಸುಗೆ ಗಾಜು ಮತ್ತು ಎರಡೂ ಗಾಜುಗಳ ಚಲನೆಗೆ ಹೊಂದಿಕೊಂಡು ಬಾಗುವ ಲೋಹದ ಪಟ್ಟಿ ಹೆಚ್ಚು ಭರವಸೆಯ ದಾರಿಗಳು. ಸಂಶೋಧನೆಯ ಹಣ ಅತ್ತ ಹರಿಯಬೇಕು.

ಕಾರ್ಖಾನೆಯಷ್ಟೇ ಹೊಣೆ ಕಟ್ಟಡ ಕಟ್ಟುವವರದ್ದೂ ಇದೆ. ಗಾಜಿಗೆ ಬಾಗಲು ಎಡೆಯಿಲ್ಲದಂತೆ ಚೌಕಟ್ಟು ಬಿಗಿದರೆ ಒತ್ತಡ ಏರುತ್ತದೆ. ಗಾಜಿನ ಒಡಕು ಶುರುವಾಗುವುದು ಸಾಮಾನ್ಯವಾಗಿ ಅಂಚಿನ ಸೂಕ್ಷ್ಮ ಬಿರುಕುಗಳಿಂದ; ಆದ್ದರಿಂದ ಅಂಚನ್ನು ನಯವಾಗಿ ಉಜ್ಜಿರಬೇಕು.

ಇಷ್ಟೆಲ್ಲ ಗೊತ್ತಿದ್ದೂ ಮಾರಾಟದ ಮಾತಿನಲ್ಲಿ ಮೆರೆಯುವುದು ಶಾಖ ಎಷ್ಟು ದಾಟುತ್ತದೆ ಎಂಬುದರ ಅಳತೆಯಾದ ಯು-ಮೌಲ್ಯವೊಂದೇ. ಅದು ಗಾಜು ಹೊಸದಿದ್ದಾಗಿನ ಅಂಕಿ. ತಾಪಮಾನದ ವ್ಯತ್ಯಾಸವನ್ನು ಗಾಜು ಹೇಗೆ ತಾಳುತ್ತದೆ ಎಂದು ಪರೀಕ್ಷಿಸುವ ವಿಧಾನವನ್ನು ಐಎಸ್‌ಒ 19916 ಮಾನದಂಡದ 3ನೇ ಭಾಗ ಒದಗಿಸಿದೆ. ಅದರ ಫಲಿತಾಂಶವನ್ನು ಪ್ರತಿ ತಯಾರಕರೂ ಪ್ರಕಟಿಸುವುದನ್ನು ಸರ್ಕಾರಗಳು ಕಡ್ಡಾಯ ಮಾಡಬೇಕು. ಅಂಚಿನ ಬಾಳಿಕೆಗೆ ಲಿಖಿತ ಖಾತರಿ ಕೊಡದ ಗಾಜನ್ನು ಕೊಳ್ಳುವವರು ಒಪ್ಪಿಕೊಳ್ಳಬಾರದು.