ಗೆದ್ದಲಿಗೆ ಬೂಷ್ಟಿನ ಮದ್ದು

ದಾವಣಗೆರೆ, ಹರಿಹರಗಳ ಸುತ್ತ ಗೆದ್ದಲಿನ ಕಾಟವನ್ನರಿಯದ ರೈತರು ವಿರಳ. ತೆಂಗಿನ ಸಸಿ, ಕಬ್ಬಿನ ಬಿತ್ತನೆ ತುಂಡು, ಯಾವುದನ್ನೂ ಅದು ಬಿಡದು. ಇದಕ್ಕೆ ವಿಷವಲ್ಲದ ಮದ್ದೊಂದುಂಟು: ಮೆಟಾರೈಜಿಯಂ ಎಂಬ ಹಸುರು ಬೂಷ್ಟು. 1879ರಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ಗೋಧಿಯ ದುಂಬಿಯಲ್ಲಿ ಇದನ್ನು ಗುರುತಿಸಿದರು. ಇದರ ಬೀಜಕಣವು ಹುಳುವಿನ ಮೈಗಂಟಿ ಮೊಳೆತು, ತೊಗಲು ಕೊರೆದು ಒಳಹೊಕ್ಕು, ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ.

ಆದರೆ ಗೆದ್ದಲೇನು ಸಾಮಾನ್ಯವೆ! ಒಂದರ ಮೈಯನ್ನು ಮತ್ತೊಂದು ನೆಕ್ಕಿ ಬೀಜಕಣಗಳನ್ನು ತೆಗೆಯುತ್ತದೆ. ಸತ್ತುದನ್ನು ಮಣ್ಣಿನಲ್ಲಿ ಮುಚ್ಚಿಬಿಡುತ್ತದೆ. ಆದುದರಿಂದಲೇ ಪ್ರಯೋಗಶಾಲೆಯಲ್ಲಿ ಗೆದ್ದ ಬೂಷ್ಟು ಹೊಲದಲ್ಲಿ ಎಷ್ಟೋ ವೇಳೆ ಸೋಲುತ್ತದೆ. ಬಿಸಿಲೂ ಅದಕ್ಕೆ ವೈರಿ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಸಂಜೆಯ ಹೊತ್ತು ತೇವವಾದ ಬುಡಕ್ಕೆ ಹಾಕುವುದು ಲೇಸು. ಅಡಕೆಗೆ ಹೊಡೆಯುವ ಬೋರ್ಡೋ ದ್ರಾವಣವು ಬೂಷ್ಟನ್ನೇ ಕೊಲ್ಲುವಂಥದು, ಎರಡನ್ನೂ ಕೂಡಿಸಲಾಗದು. ಭದ್ರಾ ನಾಲೆಗೆ ನೀರು ಬಿಟ್ಟ ದಿನಗಳೇ ಇದಕ್ಕೆ ಸಕಾಲ.